ನಾಲಿಗೆಯ ಒತ್ತಡ ಮತ್ತು ದವಡೆ–ಹಲ್ಲುಗಳ ಬೆಳವಣಿಗೆ

ಹಲ್ಲುಗಳ ಒಳಬದಿಗೆ ನಾಲಿಗೆಯೂ ಹೊರಬದಿಗೆ ತುಟಿ–ಕೆನ್ನೆಗಳೂ ಹಗಲಿರುಳು ತಾಗಿಕೊಂಡಿರುತ್ತವೆ. ಈ ಮೆದು ಅಂಗಗಳ ಒತ್ತಡ ಬೆಳೆಯುವ ವಯಸ್ಸಿನಲ್ಲಿ ಹಲ್ಲುಗಳ ಸ್ಥಾನವನ್ನೂ ದವಡೆಯ ಅಗಲ–ಎತ್ತರಗಳನ್ನೂ ಸ್ವಲ್ಪಮಟ್ಟಿಗೆ ನಿರ್ಧರಿಸುತ್ತದೆ. ಬೆರಳು ಚೀಪುವುದು, ಬಾಯಲ್ಲಿ ಉಸಿರಾಡುವುದು, ನುಂಗುವಾಗ ನಾಲಿಗೆಯನ್ನು ಮುಂದಕ್ಕೆ ದೂಡುವುದು, ತುಟಿ ಕಚ್ಚುವುದು ಮುಂತಾದ ಅಭ್ಯಾಸಗಳು ಬಹುಕಾಲ ಉಳಿದರೆ ಉಬ್ಬುಹಲ್ಲು, ಮುಂಭಾಗದಲ್ಲಿ ಮುಚ್ಚಿಕೊಳ್ಳದ ಹಲ್ಲುಸಾಲು, ಕಿರಿದಾದ ಮೇಲ್ದವಡೆ ಇತ್ಯಾದಿ ದೋಷಗಳು ಕಾಣಿಸಿಕೊಳ್ಳಬಹುದು. ವಕ್ರದಂತಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ದವಡೆಯ ಗಾತ್ರ, ಹಲ್ಲಿನ ಗಾತ್ರ, ಮುಖದ ಅಸ್ಥಿರಚನೆ ಇವುಗಳಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಹಾಲುಹಲ್ಲು ಅಕಾಲದಲ್ಲಿ ಹುಳುಕಾಗಿ ಬೀಳುವುದು, ಪೆಟ್ಟು, ಸೀಳಂಗುಳು ಸಹ ಕಾರಣಗಳಾಗುತ್ತವೆ. ಇವುಗಳ ನಡುವೆ ಅಭ್ಯಾಸಕ್ಕೆ ವಿಶೇಷ ಮಹತ್ವವಿರುವುದು ಅದನ್ನು ಸಕಾಲದಲ್ಲಿ ಬಿಡಿಸಬಹುದು ಎಂಬ ಕಾರಣಕ್ಕೆ. ಈ ವಿಷಯ ದಂತವೈದ್ಯಶಾಸ್ತ್ರದ ವಕ್ರದಂತ ಚಿಕಿತ್ಸೆ (ಆರ್ಥೊಡಾಂಟಿಕ್ಸ್) ಮತ್ತು ಮಕ್ಕಳ ದಂತಚಿಕಿತ್ಸೆ ಎಂಬ ಎರಡು ಶಾಖೆಗಳಿಗೆ ಸೇರಿದೆ.

ನಾಲಿಗೆಯ ರಚನೆ ಮತ್ತು ವಿಶ್ರಾಂತಿ ಸ್ಥಾನ

ನಾಲಿಗೆಯಲ್ಲಿ 8 ಜೊತೆ ಸ್ನಾಯುಗಳಿವೆ. ಅವುಗಳಲ್ಲಿ 4 ಜೊತೆ ನಾಲಿಗೆಯ ಒಳಗೇ ಇದ್ದು ಅದರ ಆಕಾರವನ್ನು ಬದಲಿಸುತ್ತವೆ. ಉಳಿದ 4 ಜೊತೆ ಕೆಳದವಡೆ, ಗಂಟಲಿನ ಹಯಾಯ್ಡ್ ಮೂಳೆ, ತಲೆಬುರುಡೆಯ ಬುಡ ಮತ್ತು ಅಂಗುಳಿನಿಂದ ಹೊರಟು ನಾಲಿಗೆಯನ್ನು ಹಿಂದೆ–ಮುಂದೆ, ಮೇಲೆ–ಕೆಳಗೆ ಎಳೆಯುತ್ತವೆ. ಹೊರಬದಿಯಲ್ಲಿ ತುಟಿಯ ಸುತ್ತಿನ ಸ್ನಾಯು, ಕೆನ್ನೆಯ ಸ್ನಾಯು ಮತ್ತು ಗಂಟಲಿನ ಮೇಲ್ಭಾಗದ ಸ್ನಾಯು ಒಂದಕ್ಕೊಂದು ಸೇರಿ ಹಲ್ಲುಸಾಲನ್ನು ಪಟ್ಟಿಯಂತೆ ಸುತ್ತುವರಿದಿವೆ.

ಮಾತು, ಊಟ, ನುಂಗುವಿಕೆ ಯಾವುದೂ ಇಲ್ಲದಿರುವಾಗ ಆರೋಗ್ಯವಂತರ ತುಟಿಗಳು ಆಯಾಸವಿಲ್ಲದೆ ಮುಚ್ಚಿರುತ್ತವೆ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 3 ಮಿಲಿಮೀಟರ್ ಅಂತರವಿರುತ್ತದೆ, ನಾಲಿಗೆಯ ಮೇಲ್ಮೈ ಅಂಗುಳಿಗೆ ಹತ್ತಿಕೊಂಡಿರುತ್ತದೆ. ಅದರ ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ, ಅಂಗುಳಿನ ಮುಂಭಾಗದ ಸಣ್ಣ ಉಬ್ಬಿನ ಹತ್ತಿರ ನಿಲ್ಲುತ್ತದೆ. ಕನ್ನಡ ಮಾತಾಡುವವರು ಈ ಜಾಗವನ್ನು ಸುಲಭವಾಗಿ ಗುರುತಿಸಿಕೊಳ್ಳಬಹುದು. ‘ತ’ಕಾರಕ್ಕೆ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ, ‘ಣ’ಕಾರಕ್ಕೆ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ವಿಶ್ರಾಂತಿಯ ಜಾಗ ಇವೆರಡರ ನಡುವೆ, ಹಲ್ಲಿನ ಬುಡದಿಂದ ತುಸು ಹಿಂದೆ ಇದೆ.

ಒತ್ತಡದ ಸಮತೋಲ

ನಾಲಿಗೆ ಮತ್ತು ತುಟಿಗಳ ನಡುವಣ ಒತ್ತಡದಲ್ಲಿ ಹಲ್ಲು ತನ್ನ ನೆಲೆ ಕಂಡುಕೊಳ್ಳುತ್ತದೆ ಎಂಬ ವಿಚಾರವನ್ನು ಇಂಗ್ಲೆಂಡಿನ ಚಾರ್ಲ್ಸ್ ಟೋಮ್ಸ್ 1873ರಲ್ಲೇ ಮುಂದಿಟ್ಟ. 1963ರಲ್ಲಿ ಸ್ಯಾಮ್ ವೈನ್‌ಸ್ಟೈನ್ ಮತ್ತು ಸಂಗಡಿಗರು ಪ್ರಯೋಗಗಳ ಆಧಾರದಿಂದ ಇದನ್ನು ‘ಸಮತೋಲ ಸಿದ್ಧಾಂತ’ವಾಗಿ ರೂಪಿಸಿದರು. ಹಲ್ಲಿನ ಒಂದು ಬದಿಗೆ ಸಣ್ಣ ಅಡ್ಡಿಯನ್ನು ಅಂಟಿಸಿ ತುಟಿಯ ಅಥವಾ ಕೆನ್ನೆಯ ಒತ್ತಡವನ್ನು ಸ್ವಲ್ಪವೇ ಹೆಚ್ಚಿಸಿದರೂ ಹಲ್ಲು ಸರಿಯುತ್ತದೆ ಎಂದು ಅವರು ತೋರಿಸಿದರು.

ಅಮೆರಿಕದ ವಿಲಿಯಂ ಪ್ರೊಫಿಟ್ 1978ರಲ್ಲಿ ಈ ಸಿದ್ಧಾಂತವನ್ನು ಮರುಪರಿಶೀಲಿಸಿದ. ಅಳೆದು ನೋಡಿದಾಗ ನಾಲಿಗೆಯ ಒತ್ತಡವೂ ತುಟಿ–ಕೆನ್ನೆಗಳ ಒತ್ತಡವೂ ಸರಿಸಮವಾಗಿರಲಿಲ್ಲ. ಹಲವು ಕಡೆ ನಾಲಿಗೆಯದೇ ಮೇಲುಗೈ. ಆದರೂ ಹಲ್ಲುಗಳು ಸ್ಥಿರವಾಗಿರಲು ಹಲ್ಲಿನ ಬೇರನ್ನು ಮೂಳೆಗೆ ಕಟ್ಟಿರುವ ನಾರುಪೊರೆಯೇ ಆ ವ್ಯತ್ಯಾಸವನ್ನು ತಡೆದುಕೊಳ್ಳುವುದು ಕಾರಣ ಎಂದು ಅವನು ವಿವರಿಸಿದ. ಅವನ ಇನ್ನೊಂದು ನಿರ್ಣಯ ಈ ವಿಷಯದ ತಿರುಳಾಗಿ ನಿಂತಿದೆ: ಹಲ್ಲನ್ನು ಸರಿಸುವಲ್ಲಿ ಒತ್ತಡದ ಬಲಕ್ಕಿಂತ ಅದು ಉಳಿಯುವ ಅವಧಿ ಮುಖ್ಯ. ದಿನಕ್ಕೆ ಸುಮಾರು 6 ಗಂಟೆ ಕಾಲ ಉಳಿದ ಹಗುರ ಒತ್ತಡ ಹಲ್ಲನ್ನು ಕದಲಿಸುತ್ತದೆ. ಕ್ಷಣಮಾತ್ರದ ಬಲವಾದ ಒತ್ತಡಕ್ಕೆ ಹಲ್ಲು ಜಗ್ಗುವುದಿಲ್ಲ. ಗಟ್ಟಿ ಪದಾರ್ಥ ಅಗಿಯುವಾಗ ಹಲ್ಲಿನ ಮೇಲೆ ಹತ್ತಾರು ಕಿಲೊಗ್ರಾಂ ಭಾರ ಬಿದ್ದರೂ ಅದು ಜಾಗ ಬಿಡದಿರುವುದು ಇದಕ್ಕೇ.

ಹಲ್ಲು ಸರಿಯುವ ಬಗೆ ಹೀಗಿದೆ. ಬೇರು ಮತ್ತು ಮೂಳೆಯ ನಡುವಣ ನಾರುಪೊರೆಯ ದಪ್ಪ ಮಿಲಿಮೀಟರಿನ ಕಾಲುಭಾಗದಷ್ಟು. ಒಂದೇ ದಿಕ್ಕಿನಿಂದ ಗಂಟೆಗಟ್ಟಲೆ ಒತ್ತಡ ಬಿದ್ದರೆ ಪೊರೆ ಅದುಮಿಕೊಂಡ ಬದಿಯಲ್ಲಿ ಮೂಳೆಯನ್ನು ಕರಗಿಸುವ ಕೋಶಗಳು ಕೆಲಸಕ್ಕೆ ತೊಡಗುತ್ತವೆ. ಪೊರೆ ಜಗ್ಗಿದ ಬದಿಯಲ್ಲಿ ಮೂಳೆ ಕಟ್ಟುವ ಕೋಶಗಳು ಹೊಸ ಮೂಳೆಯನ್ನು ತುಂಬುತ್ತವೆ. ವೈದ್ಯರು ಹಾಕುವ ಕ್ಲಿಪ್ಪು–ತಂತಿಗಳು ಬಳಸಿಕೊಳ್ಳುವುದೂ ಇದೇ ಕ್ರಿಯೆಯನ್ನು. ತಂತಿ ಉದ್ದೇಶಪೂರ್ವಕವಾಗಿ ಮಾಡುವ ಕೆಲಸವನ್ನು ಬಾಯಲ್ಲಿಟ್ಟ ಬೆರಳು ಅಥವಾ ಸದಾ ಕೆಳಗೆ ಬಿದ್ದಿರುವ ನಾಲಿಗೆ ಯಾರಿಗೂ ಅರಿವಿಲ್ಲದೆ ಮಾಡುತ್ತದೆ.

ಹುಟ್ಟುವ ಮೊದಲು

ದವಡೆಯ ಮೇಲೆ ನಾಲಿಗೆಯ ಪ್ರಭಾವ ಗರ್ಭದಲ್ಲೇ ಶುರುವಾಗುತ್ತದೆ. ಭ್ರೂಣದ ಅಂಗುಳು ಎಡಬಲಗಳಿಂದ ಬೆಳೆಯುವ ಎರಡು ಫಲಕಗಳಿಂದ ಆಗುತ್ತದೆ. ಮೊದಲು ಅವು ನಾಲಿಗೆಯ ಇಕ್ಕೆಲಗಳಲ್ಲಿ ಕೆಳಮುಖವಾಗಿ ತೂಗಿರುತ್ತವೆ. ಏಳು–ಎಂಟನೆಯ ವಾರದ ಹೊತ್ತಿಗೆ ಕೆಳದವಡೆ ಮುಂದಕ್ಕೆ ಬೆಳೆದು ನಾಲಿಗೆ ಕೆಳಗಿಳಿದಾಗ ಫಲಕಗಳು ಮೇಲೆದ್ದು ಅಡ್ಡಲಾಗಿ ಚಾಚಿ ಮಧ್ಯದಲ್ಲಿ ಬೆಸೆದುಕೊಳ್ಳುತ್ತವೆ. ಹನ್ನೆರಡನೆಯ ವಾರದ ವೇಳೆಗೆ ಈ ಬೆಸುಗೆ ಮುಗಿಯುತ್ತದೆ. ಕೆಳದವಡೆ ಬೆಳೆಯದೆ ಹಿಂದೆ ಉಳಿದರೆ ನಾಲಿಗೆ ಇಳಿಯಲು ಜಾಗ ಸಿಗದೆ ಫಲಕಗಳ ನಡುವೆಯೇ ಸಿಕ್ಕಿಕೊಳ್ಳಬಹುದು. ಆಗ ಮಗು ಚಿಕ್ಕ ಗಲ್ಲ, ಹಿಂದೆ ಸರಿದ ನಾಲಿಗೆ, ಉಸಿರಾಟದ ತೊಂದರೆ ಮತ್ತು ಅನೇಕ ವೇಳೆ ‘ಯು’ ಆಕಾರದ ಅಗಲವಾದ ಸೀಳಂಗುಳಿನೊಂದಿಗೆ ಹುಟ್ಟುತ್ತದೆ. ಫ್ರಾನ್ಸಿನ ದಂತವೈದ್ಯ ಪಿಯೆರ್ ರಾಬಿನ್‌ನ ಹೆಸರಿನಿಂದ ಈ ಸ್ಥಿತಿಯನ್ನು ಕರೆಯುತ್ತಾರೆ.

ನುಂಗುವ ಕ್ರಮ

ಮೊಲೆಯುಣ್ಣುವ ಕೂಸು ನಾಲಿಗೆಯನ್ನು ಕೆಳತುಟಿಯವರೆಗೆ ಚಾಚಿ, ಮೊಲೆತೊಟ್ಟನ್ನು ನಾಲಿಗೆ ಮತ್ತು ಅಂಗುಳಿನ ನಡುವೆ ಹಿಡಿದು ನುಂಗುತ್ತದೆ. ಇದು ಶೈಶವದ ಸಹಜ ನುಂಗುವಿಕೆ. ಬಾಚಿಹಲ್ಲು ಮೂಡಿ, ಅಗಿಯುವ ಆಹಾರ ಬಂದ ಮೇಲೆ ಕ್ರಮ ಬದಲಾಗುತ್ತದೆ. ದವಡೆಹಲ್ಲುಗಳು ಕೂಡುತ್ತವೆ, ನಾಲಿಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ ಅಂಗುಳಿಗೆ ಒತ್ತುತ್ತದೆ, ತುಟಿಗಳು ಸಡಿಲವಾಗಿರುತ್ತವೆ. ಈ ಪ್ರೌಢ ಕ್ರಮ ಕೆಲವು ಮಕ್ಕಳಲ್ಲಿ 3ನೆಯ ವರ್ಷಕ್ಕೇ ಬರುತ್ತದೆ. ಬಹುಪಾಲು ಮಕ್ಕಳಲ್ಲಿ ಅದು ನೆಲೆಯಾಗುವುದು 6ನೆಯ ವರ್ಷದ ಆಸುಪಾಸಿನಲ್ಲಿ. ಶೇಕಡಾ 10ರಿಂದ 15ರಷ್ಟು ಜನರಲ್ಲಿ ಅದು ಪೂರ್ಣವಾಗಿ ಬರುವುದೇ ಇಲ್ಲ. ಆದ್ದರಿಂದ 4 ವರ್ಷದ ಮಗು ನುಂಗುವಾಗ ನಾಲಿಗೆ ಮುಂದೆ ತಂದರೆ ಅದು ರೋಗವಲ್ಲ. 6–7ನೆಯ ವರ್ಷದಲ್ಲಿ ಮುಂದಿನ ಹಾಲುಹಲ್ಲು ಬಿದ್ದು ಬಾಯಿ ಬೋಳಾದಾಗ ಎಲ್ಲ ಮಕ್ಕಳ ನಾಲಿಗೆಯೂ ಆ ಸಂದಿಯಲ್ಲಿ ಇಣುಕುವುದು ಸಹಜ.

ನಾಲಿಗೆ ದೂಡುವಿಕೆ: ಕಾರಣವೋ ಪರಿಣಾಮವೋ

ದೊಡ್ಡವನಾದ ಮೇಲೂ ನುಂಗುವಾಗ ಹಲ್ಲುಗಳ ನಡುವೆ ನಾಲಿಗೆ ಚಾಚುವುದನ್ನು ನಾಲಿಗೆ ದೂಡುವಿಕೆ ಎನ್ನುತ್ತಾರೆ. ಇಂಥವರಲ್ಲಿ ಹಲವರಿಗೆ ಹಿಂದಿನ ಹಲ್ಲು ಕೂಡಿದರೂ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದಿಲ್ಲ. ಹೊಲಿಗೆಯ ನೂಲನ್ನು ಬಾಚಿಹಲ್ಲಿನಿಂದ ತುಂಡರಿಸಲು, ಚಪಾತಿಯ ಅಂಚನ್ನು ಕಚ್ಚಿ ಹರಿಯಲು ಅವರಿಗೆ ಆಗುವುದಿಲ್ಲ. ಪಕ್ಕದ ಹಲ್ಲಿಗೆ ಸರಿಸಿಕೊಳ್ಳಬೇಕಾಗುತ್ತದೆ. 1960ರಲ್ಲಿ ಅಮೆರಿಕದ ವಾಲ್ಟರ್ ಸ್ಟ್ರಾಬ್ ಈ ದೋಷಕ್ಕೆ ನಾಲಿಗೆಯನ್ನೇ ಹೊಣೆ ಮಾಡಿ, ಅದರ ಮೂಲ ಬಾಟಲಿ ಹಾಲಿನಲ್ಲಿದೆ ಎಂದು ವಾದಿಸಿದ.

ಅವಧಿಯ ಲೆಕ್ಕ ಹಾಕಿದಾಗ ಆ ವಾದ ಸಡಿಲವಾಯಿತು. ಒಮ್ಮೆ ನುಂಗಲು ನಾಲಿಗೆ ಹಲ್ಲಿಗೆ ಒತ್ತುವುದು ಸುಮಾರು 1 ಸೆಕೆಂಡು. ದಿನಕ್ಕೆ 1000 ಸಲ ನುಂಗಿದರೂ ಒಟ್ಟು ಒತ್ತಡದ ಕಾಲ 17 ನಿಮಿಷ ದಾಟುವುದಿಲ್ಲ. 6 ಗಂಟೆಯ ಮಿತಿಗೆ ಹೋಲಿಸಿದರೆ ಇದು ಏನೂ ಅಲ್ಲ. ಮುಂದೆ ಸಂದಿಯಿರುವವನು ನುಂಗುವಾಗ ಬಾಯಿಯನ್ನು ಮುಚ್ಚಿ ಬಿಗಿಮಾಡಲು ಆ ಸಂದಿಗೆ ನಾಲಿಗೆ ಇಡಲೇಬೇಕು, ಇಲ್ಲವಾದರೆ ನೀರು ಹೊರಚೆಲ್ಲುತ್ತದೆ. ಹೀಗಾಗಿ ಬಹಳಷ್ಟು ಪ್ರಕರಣಗಳಲ್ಲಿ ದೂಡುವಿಕೆ ಸಂದಿಯ ಪರಿಣಾಮವೇ ಹೊರತು ಕಾರಣವಲ್ಲ ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಆದರೆ ನುಂಗದಿರುವ ಹೊತ್ತಿನಲ್ಲೂ ನಾಲಿಗೆ ಹಲ್ಲುಗಳ ನಡುವೆಯೇ ಒರಗಿದ್ದರೆ ಮಾತು ಬೇರೆ. ಆ ಹಗುರ ಒತ್ತಡ ಗಂಟೆಗಟ್ಟಲೆ ಉಳಿಯುವುದರಿಂದ ಹಲ್ಲು ಪೂರ್ಣ ಮೂಡದಂತೆ ತಡೆಯಬಲ್ಲದು. ಆದ್ದರಿಂದ ವೈದ್ಯರು ಮಗು ನುಂಗುವ ರೀತಿಗಿಂತ, ಸುಮ್ಮನೆ ಕುಳಿತಾಗ ಅದರ ನಾಲಿಗೆ ಎಲ್ಲಿರುತ್ತದೆ ಎಂಬುದಕ್ಕೆ ಹೆಚ್ಚು ಗಮನ ಕೊಡುತ್ತಾರೆ.

ಬೆರಳು ಚೀಪುವುದು

ಕೂಸು ಬೆರಳು ಚೀಪುವುದು ಸಹಜ. ಬಹುತೇಕ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ. ಶಾಶ್ವತ ಬಾಚಿಹಲ್ಲು ಮೂಡುವ 6–7ನೆಯ ವರ್ಷದ ನಂತರವೂ ಅದು ಉಳಿದರೆ ತೊಂದರೆ. ಇಲ್ಲಿಯೂ ನಿರ್ಣಾಯಕವಾದುದು ಅವಧಿ. ಹಗಲಲ್ಲಿ ಆಗೊಮ್ಮೆ ಈಗೊಮ್ಮೆ ಜೋರಾಗಿ ಚೀಪುವ ಮಗುವಿಗಿಂತ, ಮೆತ್ತಗೆ ಬೆರಳಿಟ್ಟುಕೊಂಡು ಇಡೀ ರಾತ್ರಿ ಮಲಗುವ ಮಗುವಿನ ಹಲ್ಲಿಗೆ ಹಾನಿ ಹೆಚ್ಚು.

ಹೆಬ್ಬೆರಳು ಮೇಲಿನ ಬಾಚಿಹಲ್ಲುಗಳನ್ನು ಮುಂದಕ್ಕೆ, ಕೆಳಗಿನವನ್ನು ಹಿಂದಕ್ಕೆ ಒತ್ತುತ್ತದೆ. ಬೆರಳಿರುವಷ್ಟು ಹೊತ್ತು ಬಾಯಿ ತೆರೆದೇ ಇರುವುದರಿಂದ ಹಿಂದಿನ ದವಡೆಹಲ್ಲುಗಳು ಹೆಚ್ಚು ಹೊರಬರುತ್ತವೆ. ಹಿಂದೆ 1 ಮಿಲಿಮೀಟರ್ ಹೆಚ್ಚಿದರೆ ಮುಂದೆ ಸುಮಾರು 2 ಮಿಲಿಮೀಟರ್ ಸಂದಿ ಬೀಳುತ್ತದೆ. ಬೆರಳು ನಾಲಿಗೆಯನ್ನು ಕೆಳಗೆ ತಳ್ಳುತ್ತದೆ, ಚೀಪುವ ಕೆನ್ನೆ ಒಳಕ್ಕೆ ಬಿಗಿಯುತ್ತದೆ. ಒಳಗಿನ ಆಸರೆ ತಪ್ಪಿದ ಮೇಲ್ದವಡೆ ಕೋರೆಹಲ್ಲುಗಳ ಬಳಿ ಕಿರಿದಾಗಿ, ಅಂಗುಳು ಎತ್ತರಕ್ಕೆ ಕಮಾನಾಗುತ್ತದೆ. ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಗೆ ಬಂದು ಕೂರುತ್ತವೆ (ಅಡ್ಡಕಚ್ಚು). ಯಾವ ಕೈ ಬೆರಳು ಎಂಬುದರ ಮೇಲೆ ದೋಷ ಒಂದು ಬದಿಗೆ ಹೆಚ್ಚಾಗಿರುವುದೂ ಉಂಟು. ಶಾಶ್ವತ ಬಾಚಿಹಲ್ಲು ಮೂಡುವ ಮೊದಲು ಅಭ್ಯಾಸ ನಿಂತರೆ ಮುಂದಿನ ಸಂದಿ ಬಹುಮಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಿರಿದಾದ ಮೇಲ್ದವಡೆ ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ.

ರಬ್ಬರ್ ನಿಪ್ಪಲ್ಲನ್ನು ಬಹುಕಾಲ ಚೀಪಿಸುವುದರ ಫಲವೂ ಇಂಥದೇ. ಹೆಚ್ಚು ತಿಂಗಳು ಎದೆಹಾಲು ಕುಡಿದ ಮಕ್ಕಳಲ್ಲಿ ಬೆರಳು–ನಿಪ್ಪಲ್ ಚೀಪುವ ರೂಢಿಯೂ ಹಿಂದಿನ ಹಲ್ಲುಗಳ ಅಡ್ಡಕಚ್ಚೂ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ ಬಾಟಲಿ ಮತ್ತು ಬದಲಿ ಹಾಲಿನ ಪ್ರಚಾರವನ್ನು 1992ರ ಕಾಯ್ದೆ ನಿರ್ಬಂಧಿಸಿದೆ.

ಬಾಯುಸಿರು

ಮೂಗು ಕಟ್ಟಿದಾಗ ಬಾಯಿ ತೆರೆದು ಉಸಿರಾಡಬೇಕಾಗುತ್ತದೆ. ಮಕ್ಕಳಲ್ಲಿ ಇದಕ್ಕೆ ಸಾಮಾನ್ಯ ಕಾರಣಗಳು ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಅಥವಾ ಟಾನ್ಸಿಲ್ ಊದಿರುವುದು, ಧೂಳು ಮುಂತಾದವುಗಳಿಂದಾಗುವ ಅಲರ್ಜಿ ನೆಗಡಿ, ಮೂಗಿನ ನಡುಗೋಡೆ ಸೊಟ್ಟಗಿರುವುದು. ಬಾಯಿ ತೆರೆದಾಗ ಕೆಳದವಡೆ ಇಳಿಯುತ್ತದೆ, ನಾಲಿಗೆ ಅಂಗುಳನ್ನು ಬಿಟ್ಟು ಕೆಳಗೆ ಬೀಳುತ್ತದೆ, ತಲೆ ತುಸು ಹಿಂದಕ್ಕೆ ವಾಲುತ್ತದೆ. ವರ್ಷಗಟ್ಟಲೆ ಹೀಗಿದ್ದರೆ ಮುಖ ಉದ್ದವಾಗಿ, ಮೇಲ್ದವಡೆ ಕಿರಿದಾಗಿ, ಮೇಲ್ತುಟಿ ಗಿಡ್ಡವಾಗಿ ಕಾಣಬಹುದು. ಇಂಥ ಮಗುವಿನ ಮುಂದಿನ ವಸಡು ಒಣಗಿ ಕೆಂಪಗೆ ಊದಿರುತ್ತದೆ. ಬೆಳಗ್ಗೆ ದಿಂಬು ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ರಾತ್ರಿ ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿರುವ ಸಾಧ್ಯತೆಯನ್ನೂ ನೋಡಬೇಕು.

ಸ್ವೀಡನ್ನಿನ ಸ್ಟೆನ್ ಲಿಂಡರ್–ಅರಾನ್ಸನ್ 1970ರಲ್ಲಿ ಅಡಿನಾಯ್ಡ್ ಊದಿದ ಮಕ್ಕಳ ಮುಖ ಮತ್ತು ಹಲ್ಲುಸಾಲನ್ನು ಅಳೆದು ಉದ್ದಮುಖ, ಕಿರಿದಾದ ಮೇಲ್ದವಡೆಗಳನ್ನು ಗುರುತಿಸಿದ. ಅಡಿನಾಯ್ಡ್ ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಮೂಗಿನ ಉಸಿರಾಟಕ್ಕೆ ಮರಳಿದ ಮಕ್ಕಳಲ್ಲಿ ಭಾಗಶಃ ಸುಧಾರಣೆಯೂ ಕಂಡಿತು. ಎಗಿಲ್ ಹಾರ್ವೋಲ್ಡ್ ರೀಸಸ್ ಕೋತಿಗಳ ಮೂಗನ್ನು ಸಿಲಿಕೋನ್ ಬಿರಡೆಯಿಂದ ಮುಚ್ಚಿ ಮಾಡಿದ ಪ್ರಯೋಗಗಳಲ್ಲಿ ದವಡೆಯ ಆಕಾರ ನಿಜಕ್ಕೂ ಬದಲಾಯಿತು. ಆದರೆ ಎಲ್ಲ ಕೋತಿಗಳಲ್ಲೂ ಒಂದೇ ರೀತಿ ಬದಲಾಗಲಿಲ್ಲ. ಒಂದೊಂದು ಪ್ರಾಣಿ ನಾಲಿಗೆಯನ್ನೂ ದವಡೆಯನ್ನೂ ಹೊಂದಿಸಿಕೊಂಡ ರೀತಿಗೆ ತಕ್ಕಂತೆ ದೋಷವೂ ಬೇರೆ ಬೇರೆಯಾಯಿತು. ಮನುಷ್ಯರಲ್ಲಿ ಮೂಗು ಪೂರ್ತಿ ಮುಚ್ಚಿರುವುದು ಅಪರೂಪ. ಉದ್ದಮುಖದ ಎಲ್ಲರೂ ಬಾಯುಸಿರಿನವರಲ್ಲ, ಬಾಯುಸಿರಿನ ಎಲ್ಲರಿಗೂ ವಕ್ರದಂತ ಬರುವುದಿಲ್ಲ. ಅಡಿನಾಯ್ಡ್ ಹದಿಹರೆಯದಲ್ಲಿ ತಾನಾಗಿ ಕುಗ್ಗುತ್ತದೆ. ಆದರೆ ಅಷ್ಟರಲ್ಲಿ ರೂಪುಗೊಂಡ ಮೂಳೆ ಹಾಗೆಯೇ ಉಳಿಯುತ್ತದೆ.

ಇತರ ಅಭ್ಯಾಸಗಳು

ಮೇಲಿನ ಹಲ್ಲು ಉಬ್ಬಿದ ಮಕ್ಕಳಲ್ಲಿ ಕೆಳತುಟಿ ಎರಡು ಹಲ್ಲುಸಾಲುಗಳ ನಡುವೆ ಸಿಕ್ಕಿಕೊಂಡು ಉಬ್ಬನ್ನು ಮತ್ತಷ್ಟು ಹೆಚ್ಚಿಸುತ್ತದೆ. ಕೆಳತುಟಿಯ ಕೆಳಗೆ ಒಡೆದ ಕೆಂಪು ಅಂಚು ಇದರ ಗುರುತು. ಉಗುರು ಕಚ್ಚುವುದು, ಪೆನ್ಸಿಲ್ ಕಡಿಯುವುದು ಹಲ್ಲಿನ ಅಂಚನ್ನು ಸವೆಸುತ್ತವೆ. ಸ್ಥಾನ ಬದಲಿಸುವುದು ಕಡಿಮೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಮಕ್ಕಳ ಹಾಲುಹಲ್ಲು ಚಪ್ಪಟೆಯಾಗಿ ಸವೆಯುತ್ತವೆ. ಬಹುಪಾಲು ಮಕ್ಕಳಲ್ಲಿ ಶಾಶ್ವತ ಹಲ್ಲು ಬರುವ ಹೊತ್ತಿಗೆ ಅದು ನಿಲ್ಲುತ್ತದೆ. ಹೊಟ್ಟೆಹುಳುವಿನಿಂದ ಮಕ್ಕಳು ಹಲ್ಲು ಕಡಿಯುತ್ತಾರೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದಕ್ಕೆ ಗಟ್ಟಿ ಆಧಾರವಿಲ್ಲ.

ನಾಲಿಗೆಯ ಗಾತ್ರ ಮತ್ತು ಕಟ್ಟು

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವವರಲ್ಲಿ, ನಾಲಿಗೆಯಲ್ಲಿ ದುಗ್ಧನಾಳಗಳ ಗಡ್ಡೆಯಿರುವವರಲ್ಲಿ ನಾಲಿಗೆ ದೊಡ್ಡದಾಗಿ, ಹಲ್ಲುಗಳನ್ನು ಹೊರಕ್ಕೆ ತಳ್ಳಿ ನಡುವೆ ಸಂದಿ ಬೀಳಿಸುತ್ತದೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿರುತ್ತದೆ. ಡೌನ್ ಸಿಂಡ್ರೋಮಿನಲ್ಲಿ ನಾಲಿಗೆಯ ಬಿಗುವು ಕಡಿಮೆ, ಮೇಲ್ದವಡೆ ಚಿಕ್ಕದು. ಹಾಗಾಗಿ ಇರುವ ಜಾಗಕ್ಕೆ ನಾಲಿಗೆ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾದುದು ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿರುವ ಸ್ಥಿತಿ. ಪೊರೆ ತೀರ ಬಿಗಿಯಿದ್ದರೆ ಕೂಸು ಎದೆಹಾಲು ಹಿಡಿಯಲು ಕಷ್ಟಪಡುತ್ತದೆ, ಮುಂದೆ ನಾಲಿಗೆ ಅಂಗುಳಿನವರೆಗೆ ಏಳಲಾರದು. ಪೊರೆ ಕಾಣಿಸಿದ ಮಾತ್ರಕ್ಕೆ ಕತ್ತರಿಸಬೇಕಾಗಿಲ್ಲ. ಹಾಲೂಡುವುದು, ಮಾತು ಅಥವಾ ನಾಲಿಗೆಯ ಚಲನೆಗೆ ನಿಜವಾದ ಅಡ್ಡಿಯಿದ್ದಾಗ ಮಾತ್ರ ಬಿಡಿಸುತ್ತಾರೆ.

ಉಚ್ಚಾರಣೆ

ಮುಂದಿನ ಹಲ್ಲು ಕೂಡದವರಲ್ಲಿ ಮೊದಲು ಕೆಡುವುದು ‘ಸ’ಕಾರ. ಹಲ್ಲಿನ ಸಂದಿಯಲ್ಲಿ ನಾಲಿಗೆ ಇಣುಕಿ ‘ಸಕ್ಕರೆ’ ಎಂಬುದು ‘ಥಕ್ಕರೆ’ಯ ಹತ್ತಿರ ಕೇಳಿಸುತ್ತದೆ. ‘ತ’, ‘ದ’ ವರ್ಣಗಳಿಗೂ ನಾಲಿಗೆ ಹಲ್ಲು ದಾಟಿ ಹೊರಬರಬಹುದು. ಮೂರ್ಧನ್ಯಗಳಾದ ಟ, ಡ, ಣ, ಳ ಹಲ್ಲಿನಿಂದ ಹಿಂದೆ ಅಂಗುಳಿನಲ್ಲಿ ಹುಟ್ಟುವುದರಿಂದ ಅವು ಸಾಮಾನ್ಯವಾಗಿ ಕೆಡುವುದಿಲ್ಲ. ‘ಳ’ ಬದಲು ‘ಲ’ ಎನ್ನುವ ಮಗುವಿಗೆ ಹಲ್ಲಿನ ದೋಷವಿದೆ ಎಂದು ತಿಳಿಯಬೇಕಾಗಿಲ್ಲ. ಅದು ಬೆಳವಣಿಗೆಯ ಹಂತವಿರಬಹುದು ಅಥವಾ ಮನೆಮಾತಿನ ರೂಢಿಯಿರಬಹುದು. ಉಚ್ಚಾರದ ದೋಷಗಳಿಗೆ ವಾಕ್ ಚಿಕಿತ್ಸಕರ ನೆರವು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ ತರಬೇತಿ ಮತ್ತು ಚಿಕಿತ್ಸೆಗೆ ದೇಶದ ಪ್ರಮುಖ ಕೇಂದ್ರ.

ಆಹಾರ ಮತ್ತು ದವಡೆಯ ಬೆಳವಣಿಗೆ

ಅಗಿಯುವ ಕೆಲಸ ಕಡಿಮೆಯಾದಂತೆ ದವಡೆ ಕಿರಿದಾಗುತ್ತ ಬಂದಿತು ಎಂಬ ವಾದವಿದೆ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚಿನಿ ಮತ್ತು ಸಂಗಡಿಗರು ಉತ್ತರ ಭಾರತದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಒರಟು ಆಹಾರ ಉಣ್ಣುವ ಹಳ್ಳಿಯ ಯುವಜನರಿಗಿಂತ ಅದೇ ಮೂಲದ ಪೇಟೆಯ ಯುವಜನರಲ್ಲಿ ಹಲ್ಲುಸಾಲಿನ ದೋಷ ಹೆಚ್ಚು ಕಂಡಿತು. ಮೆದು ಆಹಾರ ಕೊಟ್ಟು ಬೆಳೆಸಿದ ಪ್ರಾಣಿಗಳ ದವಡೆ ಕಿರಿದಾಗುವುದು ಪ್ರಯೋಗಗಳಲ್ಲೂ ತಿಳಿದುಬಂದಿದೆ. ಕಡಕ್ ಜೋಳದ ರೊಟ್ಟಿ, ಹುರಿದ ಶೇಂಗಾ, ಸಿಗಿದು ತಿನ್ನುವ ಕಬ್ಬು ಇವು ಬಳ್ಳಾರಿ ಸೀಮೆಯಲ್ಲಿ ದವಡೆಗೆ ಚೆನ್ನಾಗಿ ಕೆಲಸ ಕೊಡುವ ಪದಾರ್ಥಗಳು. ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ, ಮೆತ್ತನೆಯ ಅನ್ನ, ಹಾಲಲ್ಲಿ ಅದ್ದಿದ ಬಿಸ್ಕೆಟ್ ಹಾಗಲ್ಲ. ಹಲ್ಲು ಬಂದ ಮಗುವಿಗೆ ವಯಸ್ಸಿಗೆ ತಕ್ಕಂತೆ ಅಗಿಯುವ ಆಹಾರ ರೂಢಿಸುವುದು ಒಳ್ಳೆಯದು. ಆದರೆ ಗಟ್ಟಿ ರೊಟ್ಟಿ ತಿಂದು ಸೊಟ್ಟಹಲ್ಲು ನೆಟ್ಟಗಾಗುತ್ತದೆ ಎನ್ನಲು ಆಧಾರವಿಲ್ಲ. ಹಲ್ಲು ಸರಿಯಲು ಬೇಕಾದುದು ದೀರ್ಘಾವಧಿಯ ಹಗುರ ಒತ್ತಡ, ಅಗಿಯುವ ಹೊತ್ತಿನ ಭಾರವಲ್ಲ.

ವಿಚಾರದ ಬೆಳವಣಿಗೆ

ಹಲ್ಲುಸಾಲಿನ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ 1899ರಲ್ಲಿ ಪ್ರಕಟಿಸಿದ ಅಮೆರಿಕದ ಎಡ್ವರ್ಡ್ ಆಂಗಲ್, ಕೆಟ್ಟ ಅಭ್ಯಾಸ ಉಳಿದರೆ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಎಚ್ಚರಿಸಿದ್ದ. ಆಲ್ಫ್ರೆಡ್ ರಾಜರ್ಸ್ 1918ರಲ್ಲಿ ಮುಖದ ಸ್ನಾಯುಗಳಿಗೆ ವ್ಯಾಯಾಮಗಳನ್ನು ರೂಪಿಸಿ, ಅಭ್ಯಾಸದಿಂದಲೇ ಹಲ್ಲು ತಿದ್ದುವ ಹಾದಿಯನ್ನು ತೋರಿಸಿದ. ಯುರೋಪಿನಲ್ಲಿ ದವಡೆಯನ್ನು ಹೊಸ ಸ್ಥಾನದಲ್ಲಿ ಹಿಡಿದು ಸ್ನಾಯುಗಳ ಒತ್ತಡವನ್ನೇ ಚಿಕಿತ್ಸೆಗೆ ಬಳಸುವ ಕಳಚಬಹುದಾದ ಸಾಧನಗಳು ಬೆಳೆದವು. ಜರ್ಮನಿಯ ರಾಲ್ಫ್ ಫ್ರೆಂಕಲ್ ರೂಪಿಸಿದ ಸಾಧನ ತುಟಿ–ಕೆನ್ನೆಗಳನ್ನು ಹಲ್ಲಿನಿಂದ ದೂರ ಹಿಡಿದು, ನಾಲಿಗೆಯ ಒತ್ತಡಕ್ಕೆ ಎದುರಿಲ್ಲದಂತೆ ಮಾಡಿ ದವಡೆಯನ್ನು ಅಗಲಿಸುತ್ತದೆ. ಮೆಲ್ವಿನ್ ಮಾಸ್ 1960ರ ದಶಕದಲ್ಲಿ ಮೂಳೆ ತಾನಾಗಿ ಬೆಳೆಯುವುದಿಲ್ಲ, ಸುತ್ತಲಿನ ಮೆದು ಅಂಗಗಳ ಮತ್ತು ಉಸಿರು–ನುಂಗುವಿಕೆಗಳ ಅಗತ್ಯಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ವಾದಿಸಿದ. ಅನುವಂಶೀಯತೆಯನ್ನು ಅವನು ತೀರ ಹಿಂದೆ ಸರಿಸಿದ ಎಂಬ ಟೀಕೆಯಿದ್ದರೂ ಮಕ್ಕಳ ದವಡೆ ಚಿಕಿತ್ಸೆಯ ಚಿಂತನೆಯನ್ನು ಆ ವಾದ ಬದಲಿಸಿತು.

ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿದರೆ ಮುಖದ ಆಕಾರ ಸುಂದರವಾಗುತ್ತದೆ ಎಂಬ ‘ಮ್ಯೂಯಿಂಗ್’ ಪದ್ಧತಿ ಸಾಮಾಜಿಕ ಜಾಲತಾಣಗಳಲ್ಲಿ ಹರಡಿದೆ. ಬ್ರಿಟನ್ನಿನ ಜಾನ್ ಮ್ಯೂ ಮತ್ತು ಅವರ ಮಗ ಮೈಕ್ ಮ್ಯೂ ಪ್ರಚಾರ ಮಾಡಿದ ವಿಚಾರಗಳಿಂದ ಬಂದ ಹೆಸರಿದು. ಬೆಳವಣಿಗೆ ಮುಗಿದ ಯುವಕರ ದವಡೆಯ ಮೂಳೆ ಇದರಿಂದ ಬದಲಾಗುತ್ತದೆ ಎನ್ನಲು ವಿಶ್ವಾಸಾರ್ಹ ಪ್ರಯೋಗಗಳ ಬೆಂಬಲವಿಲ್ಲ.

ತಪಾಸಣೆ

ಹೆಚ್ಚಿನ ಸಂಗತಿ ಮಗುವನ್ನು ನೋಡಿದರೇ ತಿಳಿಯುತ್ತದೆ. ವೈದ್ಯರು ಮೊದಲು ಮಗುವಿನ ಅರಿವಿಗೆ ಬಾರದಂತೆ ತುಟಿ ಮುಚ್ಚಿದೆಯೇ ಎಂದು ಗಮನಿಸುತ್ತಾರೆ. ಹತ್ತೂ ಬೆರಳು ನೋಡುತ್ತಾರೆ. ಚೀಪುವ ಬೆರಳು ಉಳಿದವುಗಳಿಗಿಂತ ತೊಳೆದಂತೆ ಚೊಕ್ಕವಾಗಿರುತ್ತದೆ, ಉಗುರು ಗಿಡ್ಡವಾಗಿರುತ್ತದೆ, ಗೆಣ್ಣಿನ ಮೇಲೆ ಹಲ್ಲಿನ ಒತ್ತಿಗೆ ಚರ್ಮ ಗಟ್ಟಿಯಾಗಿರುತ್ತದೆ. ತಾಯಿ ಹೇಳಲು ಹಿಂಜರಿದರೂ ಬೆರಳು ಹೇಳುತ್ತದೆ. ಒಂದು ಗುಟುಕು ನೀರು ಕೊಟ್ಟು ನುಂಗಲು ಹೇಳಿ, ಕೆಳತುಟಿಯನ್ನು ಮೆಲ್ಲಗೆ ಸರಿಸಿ ನೋಡುತ್ತಾರೆ. ದೂಡುವ ಮಗುವಿನ ನಾಲಿಗೆ ಸಂದಿಯಲ್ಲಿ ಕಾಣುತ್ತದೆ, ಗಲ್ಲದ ಚರ್ಮ ನಿಂಬೆಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ಎರಡೂ ಹೊಳ್ಳೆಗಳಿಂದ ಮಂಜು ಕೂರುತ್ತದೆಯೇ ನೋಡುತ್ತಾರೆ. ಬಾಯಲ್ಲಿ ನೀರು ತುಂಬಿಸಿ ಒಂದೆರಡು ನಿಮಿಷ ಹಿಡಿದಿಡಲು ಹೇಳುವುದುಂಟು. ಮೂಗಿನಲ್ಲಿ ಉಸಿರಾಡಬಲ್ಲ ಮಗು ಆರಾಮವಾಗಿ ಹಿಡಿಯುತ್ತದೆ. ಅಗತ್ಯವಿದ್ದರೆ ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇಯಲ್ಲಿ ಅಡಿನಾಯ್ಡ್ ಗಾತ್ರ ಮತ್ತು ದವಡೆಗಳ ಕೋನವನ್ನು ಅಳೆಯುತ್ತಾರೆ.

ಚಿಕಿತ್ಸೆ

ಬೆರಳು ಬಿಡಿಸಲು ಬೇವಿನ ಎಲೆಯ ರಸ, ಹಾಗಲಕಾಯಿ ರಸ ಹಚ್ಚುವುದು ಹಳೆಯ ಮನೆಮದ್ದು. ಬಿಡಬೇಕೆಂಬ ಮನಸ್ಸು ಮಗುವಿಗೆ ಇದ್ದಾಗ ಇವು ನೆನಪಿಸುವ ಕೆಲಸ ಮಾಡುತ್ತವೆ. ಕಣ್ಣು ಉಜ್ಜಿಕೊಂಡರೆ ಅಪಾಯವಾದ್ದರಿಂದ ಖಾರದ ಪುಡಿ ಸಲ್ಲದು. ಬೈದು ಹೊಡೆದು ಮಾಡಿದರೆ ಆತಂಕ ಹೆಚ್ಚಿ ಚೀಪುವುದೂ ಹೆಚ್ಚಬಹುದು. ಮಗುವಿನೊಂದಿಗೆ ನೇರವಾಗಿ ಮಾತಾಡುವುದು, ಬೆರಳಿಗೆ ಪಟ್ಟಿ ಸುತ್ತುವುದು, ಚೀಪದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಬಹುಮಾನ ಕೊಡುವುದು, ರಾತ್ರಿ ಮೊಣಕೈಗೆ ಸಡಿಲವಾಗಿ ಬಟ್ಟೆಪಟ್ಟಿ ಸುತ್ತಿ ತೋಳು ಮಡಚದಂತೆ ಮಾಡುವುದು ಮೊದಲ ಹೆಜ್ಜೆಗಳು. ಇವು ಫಲಿಸದಿದ್ದರೆ ಮೇಲಿನ ದವಡೆಹಲ್ಲುಗಳಿಗೆ ಕೂರಿಸಿದ, ಅಂಗುಳಿನ ಮುಂಭಾಗದಲ್ಲಿ ತಂತಿಯ ತಡೆಯಿರುವ ಸಾಧನವನ್ನು ಹಾಕುತ್ತಾರೆ. ಬೆರಳು ಒತ್ತಿ ಕೂರಲು ಜಾಗವಿಲ್ಲದೆ ಚೀಪುವ ಸುಖ ತಪ್ಪುತ್ತದೆ. ಅಭ್ಯಾಸ ನಿಂತ ಮೇಲೂ ಅದನ್ನು ಸುಮಾರು 6 ತಿಂಗಳು ಬಾಯಲ್ಲೇ ಉಳಿಸುತ್ತಾರೆ. ಇದೇ ಬಗೆಯ ತಡೆ ನಾಲಿಗೆಯನ್ನೂ ಹಿಂದೆ ನಿಲ್ಲಿಸುತ್ತದೆ.

ನಾಲಿಗೆಯ ವ್ಯಾಯಾಮದಲ್ಲಿ ತುದಿಯ ಮೇಲೆ ಚಿಕ್ಕ ರಬ್ಬರ್ ಉಂಗುರವಿಟ್ಟು, ಅದನ್ನು ಅಂಗುಳಿನ ಸರಿಯಾದ ಜಾಗಕ್ಕೆ ಒತ್ತಿ, ಹಲ್ಲು ಕೂಡಿಸಿ, ತುಟಿ ಬಿಗಿಯದೆ ಉಗುಳು ನುಂಗಿಸುತ್ತಾರೆ. ವ್ಯಾಯಾಮವೊಂದರಿಂದಲೇ ಸಂದಿ ಮುಚ್ಚುವುದು ಕಡಿಮೆ. ಹಲ್ಲನ್ನು ಸರಿಪಡಿಸಿದ ಮೇಲೆ ಅದು ಮತ್ತೆ ಕೆಡದಂತೆ ನೋಡಿಕೊಳ್ಳುವಲ್ಲಿ ಅದರ ಉಪಯೋಗ ಹೆಚ್ಚು.

ಬಾಯುಸಿರಿಗೆ ಮೊದಲು ಕಿವಿ–ಮೂಗು–ಗಂಟಲು ತಜ್ಞರು ಮೂಗಿನ ದಾರಿ ಬಿಡಿಸಬೇಕು. ದಾರಿ ತೆರೆದ ಮೇಲೂ ರೂಢಿಯಿಂದ ಬಾಯಿ ತೆರೆಯುವ ಮಗುವಿಗೆ ತುಟಿಯ ವ್ಯಾಯಾಮ ಹೇಳಿಕೊಡುತ್ತಾರೆ. ಮೂಗು ಕಟ್ಟಿರುವಾಗಲೇ ತುಟಿಗೆ ಅಂಟುಪಟ್ಟಿ ಹಚ್ಚಿ ಮಲಗಿಸುವುದು ಅಪಾಯಕರ. ಕಿರಿದಾದ ಮೇಲ್ದವಡೆಯನ್ನು ಅಗಲಿಸಲು ಅಂಗುಳಿಗೆ ತಿರುಪಿನ ಸಾಧನ ಕೂರಿಸುತ್ತಾರೆ. ಮನೆಯವರು ದಿನಕ್ಕೆ ಒಂದೆರಡು ಸಲ ಕೀಲಿಯಿಂದ ಕಾಲು ಸುತ್ತು ತಿರುಗಿಸಿದರೆ ಪ್ರತಿ ಸಲ ಸುಮಾರು ಕಾಲು ಮಿಲಿಮೀಟರ್ ಅಗಲವಾಗುತ್ತ ಅಂಗುಳಿನ ಮಧ್ಯದ ಬೆಸುಗೆ ಬಿಚ್ಚಿಕೊಳ್ಳುತ್ತದೆ, ಸಂದಿಯಲ್ಲಿ ಹೊಸ ಮೂಳೆ ತುಂಬುತ್ತದೆ. ಹರೆಯ ದಾಟಿದಂತೆ ಈ ಬೆಸುಗೆ ಬಿಗಿಯಾಗುವುದರಿಂದ ಬೆಳವಣಿಗೆಯ ವಯಸ್ಸಿನಲ್ಲಿ ಇದು ಸುಲಭ, ಆಮೇಲೆ ಶಸ್ತ್ರಕ್ರಿಯೆಯ ನೆರವು ಬೇಕಾಗಬಹುದು.

ವಯಸ್ಕರಲ್ಲಿ

ಬೆಳವಣಿಗೆ ನಿಂತ ಮೇಲೂ ಒತ್ತಡದ ಆಟ ನಿಲ್ಲುವುದಿಲ್ಲ. ವಸಡಿನ ರೋಗದಿಂದ ಮೂಳೆ ಸವೆದವರ ಮುಂದಿನ ಹಲ್ಲುಗಳು ನಾಲಿಗೆಯ ಸಹಜ ಒತ್ತಡಕ್ಕೇ ಮುಂದೆ ಬಾಗಿ ಬಿಡಿಬಿಡಿಯಾಗುತ್ತವೆ. ನಡುವಯಸ್ಸಿನಲ್ಲಿ ಹೊಸದಾಗಿ ಸಂದಿ ಕಂಡರೆ ನೋಡಬೇಕಾದುದು ವಸಡನ್ನು. ಹಲ್ಲು ಕೀಳಿಸಿ ಬಹುಕಾಲವಾದವರ ನಾಲಿಗೆ ಖಾಲಿ ಜಾಗಕ್ಕೆ ಹರಡಿಕೊಳ್ಳುತ್ತದೆ. ಅಂಥವರಿಗೆ ಪೂರ್ಣ ದಂತಪಂಕ್ತಿ ಕಟ್ಟುವಾಗ ಕೃತಕ ಹಲ್ಲುಗಳನ್ನು ನಾಲಿಗೆ ಮತ್ತು ಕೆನ್ನೆಗಳ ಒತ್ತಡ ಸರಿಹೊಂದುವ ನಡುಜಾಗದಲ್ಲಿ ಜೋಡಿಸಬೇಕು, ಇಲ್ಲವಾದರೆ ಮಾತಾಡುವಾಗ ಸೆಟ್ಟು ಏಳುತ್ತದೆ.

ಬಳ್ಳಾರಿ ಸೀಮೆಯಲ್ಲಿ ಚಿಕಿತ್ಸೆಯ ಅವಕಾಶ

ಕರ್ನಾಟಕದಲ್ಲಿ ದಂತವೈದ್ಯ ಶಿಕ್ಷಣ 1958ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜಿನಿಂದ ಬೇರೂರಿ, 1965ರಲ್ಲಿ ಮಣಿಪಾಲದ ಕಾಲೇಜಿನೊಂದಿಗೆ ಹರಡಿತು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, 1961ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ವಿಮ್ಸ್ ಎಂದೇ ಉಳಿದಿರುವ ವೈದ್ಯಕೀಯ ಕಾಲೇಜು ಇದೆ; ಊರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಇದೆ. ವಕ್ರದಂತ, ಮಕ್ಕಳ ದಂತಚಿಕಿತ್ಸೆ ಮತ್ತು ಕಿವಿ–ಮೂಗು–ಗಂಟಲು ವಿಭಾಗಗಳು ಒಂದೇ ಊರಿನಲ್ಲಿರುವುದು ಬಾಯುಸಿರಿನ ಮಕ್ಕಳಿಗೆ ಅನುಕೂಲ. ಬ್ರೂಸ್‌ಪೇಟೆಯವರಿಗೆ ಇದು ಊರೊಳಗಿನ ಓಡಾಟ. ಕುರುಗೋಡಿನವರು ಬಸ್ಸು ಹತ್ತಿ ಬರಬೇಕು. ತುಂಗಭದ್ರೆಯ ದಡದ ಸಿರುಗುಪ್ಪದಿಂದ ಬರುವವರಿಗೆ 50 ಕಿಲೊಮೀಟರಿಗೂ ಹೆಚ್ಚು ದಾರಿ. ತಂತಿ ಚಿಕಿತ್ಸೆಗೆ ಒಂದೂವರೆ–ಎರಡು ವರ್ಷ ತಿಂಗಳಿಗೊಮ್ಮೆ ಬರಬೇಕಾಗುವುದರಿಂದ, ಕೂಲಿ ಬಿಟ್ಟು ಬರುವ ಪೋಷಕರಿಗೆ ಚಿಕಿತ್ಸೆಯ ಖರ್ಚಿನ ಜೊತೆಗೆ ದೂರವೂ ದೊಡ್ಡ ಅಡ್ಡಿ. ಆದ್ದರಿಂದ ಅಭ್ಯಾಸವನ್ನು ಊರಲ್ಲೇ ಬೇಗ ಗುರುತಿಸುವುದಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ಸಲ ಪರೀಕ್ಷಿಸಬೇಕು. ಸೀಳಂಗುಳು, ಡೌನ್ ಸಿಂಡ್ರೋಮ್, ಹಲ್ಲಿನ ತೊಂದರೆಗಳು ಅದರ ಪಟ್ಟಿಯಲ್ಲಿವೆ. ಈ ಭೇಟಿಯಲ್ಲಿ ಸದಾ ತೆರೆದಿರುವ ಬಾಯಿ, ಚೀಪಿದ ಬೆರಳು, ಕೂಡದ ಮುಂದಿನ ಹಲ್ಲು ಇವುಗಳನ್ನು ಗುರುತಿಸಲು ಯಾವ ಉಪಕರಣವೂ ಬೇಕಿಲ್ಲ. ಬಳ್ಳಾರಿ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುವುದು ಸಾಮಾನ್ಯ, ಪೋಷಕರ ಗಮನವೂ ಅದರ ಕಡೆಗೇ ಹೋಗುತ್ತದೆ. ಕಲೆ ಹಲ್ಲಿನ ಹೊರಪದರದ ದೋಷ, ಹಲ್ಲಿನ ಸ್ಥಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಮಗುವಿಗೆ 7 ವರ್ಷ ತುಂಬುವ ಹೊತ್ತಿಗೆ ಒಮ್ಮೆ ವಕ್ರದಂತ ತಜ್ಞರಿಗೆ ತೋರಿಸಬೇಕೆಂಬುದು ಸಾಮಾನ್ಯ ಸಲಹೆ. ಆಗ ಶಾಶ್ವತ ಬಾಚಿಹಲ್ಲು ಮತ್ತು ಮೊದಲ ದವಡೆಹಲ್ಲು ಮೂಡಿರುತ್ತವೆ, ಮೇಲ್ದವಡೆಯ ಬೆಸುಗೆ ಇನ್ನೂ ಸಡಿಲವಾಗಿರುತ್ತದೆ. ಹೆಚ್ಚಿನ ಮಕ್ಕಳಿಗೆ ಆ ವಯಸ್ಸಿನಲ್ಲಿ ತಂತಿ ಬೇಕಾಗುವುದಿಲ್ಲ, ಅಭ್ಯಾಸ ಬಿಡಿಸಿ ಕಾದು ನೋಡಿದರೆ ಸಾಕಾಗುತ್ತದೆ.